ಹಸಿರು ಪರದೆಯ ಸೀಳು

ಪರದೆ ಹಸಿರು ಬಣ್ಣದ್ದು. ಅದರ ನಟ್ಟನಡುವೆ, ಹತ್ತು ವರ್ಷದ ಹುಡುಗಿಯ ಭುಜದ ಎತ್ತರಕ್ಕೆ, ಒಂದು ಗೇಣುದ್ದದ ಸೀಳು. ಸೀಳಿನ ಅಂಚು ಬಿಚ್ಚಿಕೊಳ್ಳದಂತೆ ಸುತ್ತಲೂ ಕಾಜಾ ಹೊಲಿಗೆ ಹಾಕಿದವಳು ನಾನೇ. ಆಮೇಲೆ ಜೀವನವಿಡೀ ಹೊಲಿಗೆಯನ್ನೇ ನೆಚ್ಚಿಕೊಂಡು ಬದುಕಿದೆ. ಆದರೆ ಅಷ್ಟು ಅಚ್ಚುಕಟ್ಟಾದ ಕಾಜಾವನ್ನು ಮತ್ತೆಂದೂ ಹಾಕಿದ ನೆನಪಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಆ ಪರದೆ ಇಳಿಯುತ್ತದೆ, ಸೀಳಿನಿಂದ ಒಂದೊಂದೇ ಕೈ ಆಚೆಗೆ ಹೋಗುತ್ತದೆ.

ಅದು ನಾನೂ ನನ್ನ ತಂಗಿ ವನಮಾಲೆಯೂ ಬೆಳೆದ ಆಶ್ರಮದ ಪರದೆ. ತಾಯಿಯಿಲ್ಲದ ಹೆಣ್ಣುಮಕ್ಕಳನ್ನು ಇಟ್ಟುಕೊಂಡು ನಾಲ್ಕಕ್ಷರ, ಒಂದಿಷ್ಟು ಹೊಲಿಗೆ ಕಲಿಸುತ್ತಿದ್ದ ಜಾಗ. ನಡೆಸುತ್ತಿದ್ದವರು ರಾಜಮತಿ ಅಕ್ಕನವರು. ಬಿಳಿ ಸೀರೆ, ಬೆಳ್ಳಿ ಕಟ್ಟಿನ ಕನ್ನಡಕ. ಗಂಡಸರ ನೆರಳೂ ಹೊಸಿಲು ದಾಟಬಾರದೆಂಬುದು ಅವರ ಕಟ್ಟುನಿಟ್ಟು. ಸೌದೆ ತಂದವನು ಗೇಟಿನ ಹೊರಗೇ ಸುರಿದು ಹೋಗಬೇಕು. ಬಾವಿಯ ರಾಟೆ ಕೆಟ್ಟರೆ ನಾವೇ ಕಚ್ಚೆ ಹಾಕಿ ಹತ್ತಿ ಸರಿಮಾಡಬೇಕು. ಊರಿನವರು ಹಿಂದಿನಿಂದ ನಗುತ್ತಿದ್ದರು. ಅಕ್ಕನವರು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ.

ಒಂದು ವರ್ಷ ಕಮಲಶ್ರೀ ಎಂಬ ಹುಡುಗಿ ಹಿತ್ತಿಲಲ್ಲಿ ತುಕ್ಕು ಹಿಡಿದ ಮೊಳೆ ತುಳಿದಳು. ಅರಿಶಿನ ಹಚ್ಚಿ ಬಟ್ಟೆ ಕಟ್ಟಿದೆವು. ಎಂಟನೆಯ ದಿನ ಅವಳ ದವಡೆ ಕಚ್ಚಿಕೊಂಡಿತು, ಬೆನ್ನು ಬಿಲ್ಲಾಗಿ ಬಾಗಿತು. ಆ ರೋಗಕ್ಕೆ ಧನುರ್ವಾಯು ಎಂಬ ಹೆಸರು ಯಾಕೆ ಬಂತೆಂಬುದನ್ನು ನಾವೆಲ್ಲ ಕಣ್ಣಾರೆ ಕಂಡೆವು. ಅವಳು ಉಳಿಯಲಿಲ್ಲ. ಅಕ್ಕನವರು ಮೂರು ದಿನ ಊಟ ಬಿಟ್ಟರು. ನಾಲ್ಕನೆಯ ದಿನ ಆಸ್ಪತ್ರೆಗೆ ಹೇಳಿಕಳಿಸಿ, ಎಲ್ಲ ಹುಡುಗಿಯರಿಗೂ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಲೇಬೇಕೆಂದು ಹಟ ಹಿಡಿದರು. ಚುಚ್ಚಲು ಬರುವವನು ಗಂಡಸು. ಹಾಗಾಗಿಯೇ ಆ ಪರದೆ.

ಅವನು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತ. ಅವನ ಕಣ್ಣು ಅತ್ತಿತ್ತ ಹರಿಯದಂತೆ ಕಾಯಲು ಅಕ್ಕನವರೂ ಅಲ್ಲೇ ಪಕ್ಕದಲ್ಲಿ ಕೂತರು. ನಾವು ಒಳಗೆ, ಪರದೆಯ ಈಚೆ. ಅಕ್ಕನವರು ಪಟ್ಟಿ ನೋಡಿ ಹೆಸರು ಕೂಗುತ್ತಾರೆ, ಒಳಗಿನವಳು ಸೀಳಿನಿಂದ ಕೈ ಚಾಚುತ್ತಾಳೆ, ಅವನು ಮುಖ ನೋಡದೆ ಚುಚ್ಚುತ್ತಾನೆ. ಪ್ರತಿಯೊಬ್ಬಳಿಗೂ ಒಂದೇ ಮಾತು: "ಎರಡು ಎಣಿಸಮ್ಮಾ, ಅಷ್ಟರಲ್ಲಿ ಮುಗೀತು." ಆಮೇಲೆ ಕಾರ್ಡಿನಲ್ಲಿ ಬರೆದು ಪರದೆಯ ಅಡಿಯಿಂದ ತಳ್ಳುತ್ತಾನೆ.

ಪಟ್ಟಿಯಲ್ಲಿ ನಾವಿಬ್ಬರೂ ಕೊನೆಯವರು. ನನಗೆ ಹತ್ತು, ತಂಗಿ ಮಾಲಿಗೆ ಆರು. ಅವಳಿಗೆ ಸೂಜಿಯೆಂದರೆ ಜೀವ ಹೋಗುವಷ್ಟು ಭಯ. ನಮ್ಮವ್ವ ಆಸ್ಪತ್ರೆಯ ಮಂಚದಲ್ಲಿ ಕಣ್ಣು ಮುಚ್ಚುವುದಕ್ಕೆ ಸ್ವಲ್ಪ ಮೊದಲು ಯಾರೋ ಅವಳ ತೋಳಿಗೆ ಸೂಜಿ ಚುಚ್ಚಿದ್ದರು. ಅವ್ವನನ್ನು ಕೊಂದದ್ದು ಆ ಸೂಜಿಯೇ ಎಂದು ಮಾಲಿ ನಂಬಿದ್ದಳು. ಎಷ್ಟು ಹೇಳಿದರೂ ಆ ನಂಬಿಕೆ ಕಳಚಲಿಲ್ಲ. ಅವ್ವ ಕೊನೆಯದಾಗಿ ನನಗೆ ಹೇಳಿದ್ದು ಒಂದೇ ಮಾತು: "ಮಗೂನ ಅಳಿಸಬ್ಯಾಡ." ನನ್ನ ಹೆಸರು ಕೂಗಿದರು, ಕೈ ಆಚೆಗೆ ಹೋಯಿತು. ಮಾಲಿಯ ಹೆಸರು ಕೂಗಿದರು. ಕೈ ಆಚೆಗೆ ಹೋಯಿತು. ತಿಂಗಳು ಬಿಟ್ಟು ಒಮ್ಮೆ, ಅರ್ಧ ವರ್ಷ ಕಳೆದು ಇನ್ನೊಮ್ಮೆ, ಒಟ್ಟು ಮೂರು ಸಲ ಹೀಗೆಯೇ ಆಯಿತು. ಪ್ರತಿ ಸಲವೂ ನನಗೆ ಎರಡು ದಿನ ಜ್ವರ. ತೋಳುಗಳು ಕೊರಡಾಗಿ ಎತ್ತಲು ಬರುತ್ತಿರಲಿಲ್ಲ. ಮಾಲಿಯೇ ತನ್ನ ಪುಟ್ಟ ಕೈಯಿಂದ ಅನ್ನ ಕಲೆಸಿ ನನ್ನ ಬಾಯಿಗಿಡುತ್ತಿದ್ದಳು.

ಮಾಲಿ ದೊಡ್ಡವಳಾದ ಮೇಲೆ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದಳು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, "ಯಾರು ಬೇಕು?" ಎಂದು ಕೇಳುವುದೇ ಅವಳ ಕೆಲಸ. ಊರಿನ ಎಲ್ಲ ನಂಬರುಗಳೂ ಅವಳಿಗೆ ಬಾಯಿಪಾಠ. ದಾರಿಯಲ್ಲಿ ಯಾರಾದರೂ ಎದುರಾದರೆ ಅವರ ಹೆಸರಿಗಿಂತ ಮೊದಲು ನಂಬರು ನೆನಪಾಗುತ್ತದೆಂದು ನಗುತ್ತಿದ್ದಳು. ನಾನು ಮದುವೆಯಾಗಲಿಲ್ಲ. ಅವಳು ಧರಣಪ್ಪನವರನ್ನು ಮದುವೆಯಾದಳು. ಶಾಲೆಯಲ್ಲಿ ಗುಮಾಸ್ತರಾಗಿದ್ದ ಅವರು ಹಳೇ ಬಸ್ ಟಿಕೆಟ್ಟನ್ನೂ ಬಿಸಾಡದ ಮನುಷ್ಯ. ಮಕ್ಕಳಾಗಲಿಲ್ಲ. ಅವರ ಮನೆಯ ಪಕ್ಕದ ಕೋಣೆಯಲ್ಲೇ ನಾನು ಹೊಲಿಗೆ ಯಂತ್ರ ಇಟ್ಟುಕೊಂಡೆ. ನಡುವೆ ಒಂದು ಗೋಡೆ, ಆ ಗೋಡೆಗೂ ಒಂದು ಬಾಗಿಲು. ಹೀಗೆ ಮೂವರ ಬದುಕು ಒಂದೇ ಒಲೆಯ ಸುತ್ತ ಸಾಗಿತ್ತು.

ಮರೆವು ಮೊದಲು ಬಂದದ್ದು ನಂಬರುಗಳ ರೂಪದಲ್ಲಿ. ಅವಳು ನಿವೃತ್ತಳಾಗಿ ಕೆಲವು ವರ್ಷ ಕಳೆದಿದ್ದವು. "ಅಕ್ಕಾ, ಔಷಧಿ ಅಂಗಡೀದು ಎಷ್ಟು?" ಎಂದು ಒಂದು ದಿನ ಕೇಳಿದಳು. ವಯಸ್ಸು ಎಂದುಕೊಂಡೆವು. ಆಮೇಲೆ ಸಾರಿಗೆ ಉಪ್ಪು ಎರಡು ಸಲ ಬಿದ್ದಿತು. ಧರಣಪ್ಪನವರು ತಮಾಷೆ ಮಾಡುತ್ತ ನೀರು ಬೆರೆಸಿ ಉಂಡರು. ಒಂದು ಬೆಳಿಗ್ಗೆ ನಾನು ಬಾಗಿಲು ತೆರೆದು ಒಳಗೆ ಹೋದರೆ, ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಹಳ ಮರ್ಯಾದೆಯಿಂದ, "ಯಾರು ಬೇಕು?" ಎಂದಳು. ಅವತ್ತು ಹೊಲಿಯಲು ಕೂತವಳು ಒಂದೇ ತೋಳನ್ನು ಮೂರು ಸಲ ತಪ್ಪಾಗಿ ಜೋಡಿಸಿ ಬಿಚ್ಚಿದೆ.

ಡಾಕ್ಟರು ಅದಕ್ಕೆ ಆಲ್ಝೈಮರ್ ಎಂದು ಹೆಸರು ಹೇಳಿದರು. ಇನ್ನೂ ಕೈಮೀರಿಲ್ಲ, ನಡುವಿನ ಹಂತವೆಂದೂ ಹೇಳಿದರು. ಗುಳಿಗೆ ಕೊಟ್ಟರು, ಗುಣವಾಗುತ್ತದೆಂದು ಮಾತ್ರ ಹೇಳಲಿಲ್ಲ. ಆಗ ಧರಣಪ್ಪನವರು ಎಲ್ಲಿಂದಲೋ ಒಂದು ಸುದ್ದಿ ಹಿಡಿದು ತಂದರು. ದೊಡ್ಡ ಆಸ್ಪತ್ರೆಯೊಂದರಲ್ಲಿ ಮರೆವಿನ ಕಾಯಿಲೆಗೆ ಹೊಸ ಲಸಿಕೆಯ ಪ್ರಯೋಗ ನಡೆಯುತ್ತಿದೆ, ಇನ್ನೂ ಕೈಮೀರದ ಹಂತದಲ್ಲಿರುವವರನ್ನು ತೆಗೆದುಕೊಳ್ಳುತ್ತಿದ್ದಾರೆ ಎಂದು. "ಅಕ್ಕಾವ್ರೇ, ಒಂದು ದಾರಿ ಸಿಕ್ಕಿತು" ಎಂದರು. ಆರು ತಿಂಗಳಿಂದ ಅವರ ಮುಖದಲ್ಲಿ ನಾನು ಕಾಣದಿದ್ದ ಕಳೆ ಅವತ್ತು ಕಂಡಿತು.

ಪ್ರಯೋಗ ನಡೆಸುತ್ತಿದ್ದವರು ಡಾಕ್ಟರ್ ಮೃಣಾಲಿನಿ. ಎಳೆ ವಯಸ್ಸು, ತಾಳ್ಮೆಯ ಮಾತು. ನಮ್ಮನ್ನು ಎದುರಿಗೆ ಕೂರಿಸಿಕೊಂಡು ವಿವರಿಸಿದರು.

"ಈ ಕಾಯಿಲೇಲಿ ಮಿದುಳೊಳಗೆ ಬೇಡದ ಒಂದು ಪದಾರ್ಥ ಗಂಟುಗಂಟಾಗಿ ಸೇರ್ಕೊಳ್ಳುತ್ತೆ ಅಮ್ಮಾ. ಅದನ್ನ ಹುಡುಕಿ ತೆಗೆಯೋ ಹಾಗೆ ಮೈಗೆ ಕಲಿಸೋದು ನಮ್ಮ ಲಸಿಕೆ ಕೆಲಸ. ಆದ್ರೆ ವಯಸ್ಸಾದ ಮೈ ಹೊಸ ಪಾಠ ಬೇಗ ಕಲಿಯಲ್ಲ. ಅದಕ್ಕೆ ನಾವೊಂದು ಉಪಾಯ ಮಾಡಿದ್ದೀವಿ. ಧನುರ್ವಾಯು ಚುಚ್ಚುಮದ್ದು ಇದೆಯಲ್ಲ, ಅದರದ್ದೇ ಒಂದು ತುಣುಕನ್ನ ಈ ಹೊಸ ಮದ್ದಿಗೆ ಸೇರಿಸಿದ್ದೀವಿ. ಚಿಕ್ಕಂದಿನಲ್ಲಿ ಅದನ್ನ ಹಾಕಿಸ್ಕೊಂಡಿದ್ರೆ ಮೈಗೆ ಅದರ ನೆನಪಿರುತ್ತೆ. ಹಳೇ ಪರಿಚಯ ಕಂಡ ತಕ್ಷಣ ಎದ್ದು ಬರುತ್ತೆ. ಬಂದಿದ್ದು ಹೊಸ ಕೆಲಸಕ್ಕೂ ಕೈ ಜೋಡಿಸುತ್ತೆ ಅನ್ನೋದು ನಮ್ಮ ನಂಬಿಕೆ."

"ಅಂದ್ರೆ ತಲೆ ಮರೆತ್ರೂ ಮೈ ಮರೆಯಲ್ಲ ಅಂತೀರಿ" ಎಂದರು ಧರಣಪ್ಪನವರು.

"ಹಾಗೇ ಅಂದ್ಕೊಳ್ಳಿ. ಅದಕ್ಕೇ ಎರಡು ಗುಂಪು ಮಾಡಿದ್ವಿ, ಧನುರ್ವಾಯು ಮದ್ದು ಹಿಂದೆ ಹಾಕಿಸ್ಕೊಂಡೋರದ್ದು ಒಂದು, ಹಾಕಿಸ್ಕೊಳ್ಳದೇ ಇದ್ದೋರದ್ದು ಒಂದು. ಹಾಕಿಸ್ಕೊಳ್ಳದೇ ಇದ್ದೋರ ಗುಂಪು ತುಂಬಿಹೋಯ್ತು, ಮುಚ್ಚಿಬಿಟ್ವಿ. ಇನ್ನೊಂದರಲ್ಲಿ ಒಂದೇ ಒಂದು ಜಾಗ ಉಳಿದಿದೆ. ಬಸುರಿಯಾಗಿದ್ದಾಗ ಹಾಕಿರ್ತಾರಲ್ಲ, ಅದೇನಾದ್ರೂ?"

"ಮಕ್ಕಳಿಲ್ಲ ನಮಗೆ" ಎಂದರು ಅವರು. "ಆಮೇಲೂ ಒಂದು ಸೂಜಿ ಮುಟ್ಟಿಸ್ಕೊಂಡೋಳಲ್ಲ ಇವಳು. ಗಾಯ ಆದ್ರೆ ಅರಿಶಿನ ಅಷ್ಟೇ. ಆದ್ರೆ ಇದು ನೋಡಿ." ಚೀಲದಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟ ಹಳದಿ ಕಾರ್ಡೊಂದನ್ನು ತೆಗೆದರು. ಆಶ್ರಮದ ಕಾರ್ಡು. ಮಾಲಿಯ ಟ್ರಂಕಿನ ತಳದಲ್ಲಿ ಸಿಕ್ಕಿತಂತೆ. ಇಷ್ಟು ವರ್ಷ ಅದು ಉಳಿದಿದೆಯೆಂಬುದು ನನಗೆ ಗೊತ್ತಿರಲಿಲ್ಲ.

ಡಾಕ್ಟರು ಕಾರ್ಡನ್ನು ಬೆಳಕಿಗೆ ಹಿಡಿದು ಓದಿದರು. "ಮೂರೂ ಆಗಿದೆ. ತಾರೀಖು, ಸಹಿ ಎಲ್ಲಾ ಇದೆ. ಬಲಗೈ, ಬಲಗೈ, ಬಲಗೈ. ಸಾಮಾನ್ಯವಾಗಿ ಎಡಗೈಗೆ ಹಾಕೋದು. ಇವರು ಎಡಗೈಲಿ ಕೆಲಸ ಮಾಡೋರಾ?"

"ಇಲ್ಲವಲ್ಲ" ಎಂದರು ಧರಣಪ್ಪನವರು, ನನ್ನ ಕಡೆ ನೋಡುತ್ತ.

"ಇಷ್ಟು ವರ್ಷ ಆದ್ಮೇಲೆ ರಕ್ತದಲ್ಲಿ ಅದರ ಗುರುತು ಕಾಣದೇ ಇರಬಹುದು. ಒಳಗೆ ಅಡಗಿ ಕೂತಿರುತ್ತೆ. ಹಾಗಾಗಿ ನಮಗೆ ಕಾರ್ಡೇ ಆಧಾರ, ಕಂಡವರ ಮಾತೇ ಆಧಾರ. ಅಮ್ಮಾ, ಇವರಿಗೆ ಚುಚ್ಚಿದಾಗ ನೀವು ಜೊತೆಗಿದ್ರಾ?"

"ಜೊತೆಗಿದ್ದೆ" ಎಂದೆ.

ಸಾಕ್ಷಿಯೆಂದು ಬರೆದಿದ್ದ ಕಡೆ ಸಹಿ ಹಾಕಿದೆ. ಮಾಲಿ ಪಕ್ಕದಲ್ಲಿ ಕೂತು ನನ್ನ ಸೀರೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

ಅಲ್ಲಿಂದ ರಕ್ತ ತೆಗೆಯುವ ಕೋಣೆಗೆ ಕಳಿಸಿದರು. ಕೋಣೆ ಎಷ್ಟು ಇಕ್ಕಟ್ಟೆಂದರೆ, ನಡುವೆ ಒಂದು ಪರದೆ ಕಟ್ಟಿ ಆಚೆ ನರ್ಸಿನ ಮೇಜು, ಈಚೆ ನಾವು ಕೂರುವ ಬೆಂಚು. ಪರದೆಯ ಸಂದಿನಿಂದ ಕೈ ಚಾಚಿ ಮೇಜಿನ ಮೇಲೆ ಇಡಬೇಕು. ಅದೂ ಹಸಿರು ಪರದೆಯೇ. ಆಸ್ಪತ್ರೆಗಳಿಗೆ ಬೇರೆ ಬಣ್ಣ ಸಿಗುವುದಿಲ್ಲವೋ ಏನೋ. ಆಚೆಯಿಂದ ನರ್ಸ್ ಪಟ್ಟಿ ನೋಡಿ ಕೂಗಿದಳು: "ವನಮಾಲೆ. ಕೈ ಕೊಡಿ."

ಮಾಲಿ ಒಂದು ಕ್ಷಣ ಪರದೆಯನ್ನೇ ನೋಡಿದಳು. ಆಮೇಲೆ ಒಂಚೂರೂ ಅನುಮಾನಿಸದೆ, ನನ್ನ ಬಲಗೈಯನ್ನು ಹಿಡಿದೆತ್ತಿ, ಪರದೆಯ ಸಂದಿನಿಂದ ಆಚೆಗೆ ತಳ್ಳಿದಳು. ತಾನು ನನ್ನ ಬೆನ್ನ ಹಿಂದೆ ಸರಿದು ಮುಖ ಮುಚ್ಚಿಕೊಂಡಳು.

"ನೋಡಿ, ಎಂಥಾ ಕಳ್ಳಿ! ಅಕ್ಕನ್ನೇ ಮುಂದೆ ಬಿಡ್ತಾಳೆ" ಎಂದು ಧರಣಪ್ಪನವರು ನಕ್ಕರು. ನರ್ಸೂ ನಕ್ಕು, ಈಚೆ ಬಂದು ಮಾಲಿಯ ಕೈಯಿಂದಲೇ ರಕ್ತ ತೆಗೆದಳು. ನನಗೆ ನಗು ಬರಲಿಲ್ಲ. ನನ್ನ ಹೆಸರನ್ನೇ ಮರೆತವಳು ನನ್ನ ಬಲಗೈಯನ್ನು ಮರೆತಿರಲಿಲ್ಲ.

ಇನ್ನು ಮುಚ್ಚಿಡುವುದೇನಿದೆ? ಆಶ್ರಮದ ಆ ಸೀಳಿನಿಂದ ಆಚೆಗೆ ಹೋದ ಎರಡು ಕೈಗಳೂ ನನ್ನವೇ. ನನ್ನ ಹೆಸರಿಗೆ ಎಡಗೈ, ಮಾಲಿಯ ಹೆಸರಿಗೆ ಬಲಗೈ. "ಈ ಮಗು ಯಾಕೋ ಬಲಗೈ ಕೊಡ್ತದೆ ಅಕ್ಕನವರೇ" ಎಂದು ಮೊದಲ ಸಲ ಅವನು ಅಂದದ್ದು ಕೇಳಿಸಿತ್ತು. "ಯಾವುದಾದರೇನು, ಬೇಗ ಮುಗಿಸಿ" ಎಂದಿದ್ದರು ಅಕ್ಕನವರು. ಒಳಗೆ ಮಾಲಿ ನನ್ನ ಲಂಗ ಹಿಡಿದು ಕಣ್ಣು ಮುಚ್ಚಿ, "ಒಂದು, ಎರಡು" ಎಂದು ಎಣಿಸುತ್ತಿದ್ದಳು. ಅವಳನ್ನು ಅಳಿಸಲಿಲ್ಲವೆಂದು ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಜ್ವರದಲ್ಲೂ ನಗುತ್ತಿದ್ದೆ. ಅವ್ವನ ಮಾತು ನಡೆಸಿದೆನೆಂದುಕೊಂಡಿದ್ದೆ.

ಅವತ್ತೇ ಹೇಳಿಬಿಡಬೇಕಿತ್ತು. ಹೇಳಿದ್ದರೆ ಆ ಉಳಿದ ಒಂದು ಜಾಗ ಕೈ ತಪ್ಪುತ್ತಿತ್ತು. ಧರಣಪ್ಪನವರ ಮುಖದ ಕಳೆ ಆರಿಹೋಗುತ್ತಿತ್ತು. ಹೇಗೂ ಲಸಿಕೆ ಅಷ್ಟಿಷ್ಟಾದರೂ ಹಿಡಿದೀತು, ಮೈಗೆ ನೆನಪಿಲ್ಲದಿದ್ದರೆ ಹೊಸದಾಗಿ ಕಲಿತೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳಿಗೆ ಒಳಬಟ್ಟೆಯ ಅಸ್ತರು ಕೊಡುವುದು ನನ್ನ ಕಸುಬಿನವರಿಗೆ ಸುಲಭ. ಮೇಲಿನಿಂದ ಹೊಲಿಗೆ ಕಾಣುವುದಿಲ್ಲ.

ಗುಂಪಿನಲ್ಲಿ ಹನ್ನೆರಡು ಜನ ಇದ್ದರು. ಲಸಿಕೆಯ ದಿನ ಎಲ್ಲರೂ ಒಂದೇ ಹಜಾರದಲ್ಲಿ ಕಾಯುತ್ತಿದ್ದೆವು. ನಮ್ಮ ಪಕ್ಕಕ್ಕೆ ಯಾವಾಗಲೂ ಚಿಕ್ಕೀರಪ್ಪನವರು ಕೂರುತ್ತಿದ್ದರು. ಬಸ್ ಕಂಡಕ್ಟರಾಗಿದ್ದವರು. ಮಿಕ್ಕದ್ದೆಲ್ಲ ಮಸುಕಾಗಿದ್ದರೂ ಕಸುಬು ಬಿಟ್ಟಿರಲಿಲ್ಲ. ಮಾಲಿಯ ಕಡೆ ತಿರುಗಿ, "ಎಲ್ಲಿಗೆ?" ಎನ್ನುವರು. ಮಾಲಿ ನೆಟ್ಟಗೆ ಕೂತು, "ಯಾರು ಬೇಕು?" ಎನ್ನುವಳು. "ಎಲ್ಲಿಗಮ್ಮಾ?" "ಯಾರು ಬೇಕು ಹೇಳಿ." ಇಬ್ಬರಿಗೂ ಬೇಸರವಿಲ್ಲ, ಕೋಪವಿಲ್ಲ. ಅವರ ಹೆಂಡತಿ ಗೌರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುವರು, ನಕ್ಕು ಕಣ್ಣೊರೆಸಿಕೊಳ್ಳುವರು. "ಇವರಿಗೆ ಸರ್ವೀಸಲ್ಲಿದ್ದಾಗ ಧನುರ್ವಾಯು ಸೂಜಿ ಐದಾರು ಸಲ ಆಗಿತ್ತು ಕಣಕ್ಕಾ. ಅದೇ ಈಗ ಪುಣ್ಯಕ್ಕೆ ಬಂತು" ಎಂದು ಒಂದು ದಿನ ನನ್ನೊಡನೆ ಹೇಳಿದರು.

ಮೊದಲ ಚುಚ್ಚು ಆಯಿತು. ಮಾಲಿಯನ್ನು ನಾನೂ ಧರಣಪ್ಪನವರೂ ಹಿಡಿದುಕೊಳ್ಳಬೇಕಾಯಿತು. ಅವಳು ಅತ್ತಳು. ಅಷ್ಟು ವರ್ಷ ನಾನು ತಡೆದಿದ್ದ ಅಳು ಅದು. ಒಂದೇ ಸಲಕ್ಕೆ ಹೊರಬಿತ್ತು. ತಿಂಗಳು ಬಿಟ್ಟು ಎರಡನೆಯದು. ಆಮೇಲೆ ರಕ್ತ ಪರೀಕ್ಷೆ. ಮೂರನೆಯದಕ್ಕೆ ಮುಂಚೆ ಡಾಕ್ಟರ್ ಮೃಣಾಲಿನಿ ನಮ್ಮನ್ನು ಕರೆಸಿದರು. ಅವರ ಮುಖದಲ್ಲಿ ಎಂದಿನ ನಿರಾಳ ಇರಲಿಲ್ಲ.

"ಉಳಿದ ಹನ್ನೊಂದು ಜನರಲ್ಲೂ ನಾವಂದ್ಕೊಂಡ ಹಾಗೇ ಆಗಿದೆ. ಹಳೇ ನೆನಪು ಎದ್ದಿದೆ, ಹೊಸ ಕೆಲಸಕ್ಕೂ ಬಂದಿದೆ. ಇವರೊಬ್ಬರಲ್ಲಿ ಮಾತ್ರ ಏನೂ ಇಲ್ಲ ಅನ್ನೋ ಹಾಗಿದೆ. ಅಷ್ಟಿಷ್ಟು ಇರೋದೂ, ಜೀವನದಲ್ಲೇ ಮೊದಲ ಸಲ ಹಾಕಿಸ್ಕೊಂಡೋರ ರಕ್ತದಲ್ಲಿ ಕಾಣುವಷ್ಟು ಮಾತ್ರ. ಕಾರ್ಡಲ್ಲಿ ಮೂರು ಸಲ ಇದೆ. ನನಗೆ ಅರ್ಥ ಆಗ್ತಿಲ್ಲ."

"ಹಾಗಾದ್ರೆ ಮುಂದೆ?" ಎಂದರು ಧರಣಪ್ಪನವರು.

"ಹನ್ನೆರಡರಲ್ಲಿ ಒಬ್ಬರು ಅಂದ್ರೆ ಸಣ್ಣ ಮಾತಲ್ಲ. ಹಳೇ ನೆನಪು ಕೆಲವರಲ್ಲಿ ಅಳಿಸಿಹೋಗುತ್ತೇನೋ ಅಂತ ನಾವು ಯೋಚಿಸಬೇಕಾಗುತ್ತೆ. ಮೂರನೇ ಸಲಕ್ಕೆ ಎಲ್ಲರಿಗೂ ಮದ್ದಿನ ಪ್ರಮಾಣ ಹೆಚ್ಚಿಸೋಣ ಅನ್ನೋ ಮಾತು ನಡೀತಿದೆ."

"ಹೆಚ್ಚಿಸಿದ್ರೆ ಒಳ್ಳೇದೇ ಅಲ್ವಾ?"

"ಒಳ್ಳೇದೂ ಆಗಬಹುದು. ಕೆಲವರಿಗೆ ಮಿದುಳಲ್ಲಿ ಊತ ಬರೋ ಭಯನೂ ಇದೆ. ಚೆನ್ನಾಗಿ ಸ್ಪಂದಿಸ್ತಿರೋರಿಗೇ ಆ ಭಯ ಜಾಸ್ತಿ."

ಗಾಜಿನ ಕಿಟಕಿಯಿಂದ ಹಜಾರ ಕಾಣುತ್ತಿತ್ತು. ಚಿಕ್ಕೀರಪ್ಪನವರು ಬೆಂಚಿನ ಕೊನೆಯಲ್ಲಿ ಕೂತು, ಬೆರಳುಗಳ ನಡುವೆ ಇಲ್ಲದ ಟಿಕೆಟ್ಟನ್ನು ಹರಿದು ಯಾರಿಗೋ ಕೊಡುತ್ತಿದ್ದರು. ಗೌರಮ್ಮ ಅದನ್ನು ಈಸಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮಾಲಿಗೊಂದು ಜಾಗ ಸಿಗಲಿ ಎಂದು ನಾನು ಆಡಿದ ಒಂದು ಮಾತು ಆ ಹನ್ನೊಂದು ಜನರ ತಲೆಯ ಮೇಲೆ ಹೋಗಿ ಕೂತಿತ್ತು. ಇನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ.

"ಪ್ರಮಾಣ ಹೆಚ್ಚಿಸಬೇಡಿ" ಎಂದೆ. "ಅವಳ ಮೈ ಏನನ್ನೂ ಮರೆತಿಲ್ಲ. ಅದಕ್ಕೆ ಯಾವತ್ತೂ ಹಾಕೇ ಇರಲಿಲ್ಲ."

ಹೇಳುತ್ತ ಹೋದೆ. ಪರದೆ, ಸೀಳು, ಎಡಗೈ, ಬಲಗೈ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಕೇಳಿದರು. ಧರಣಪ್ಪನವರು ಕಾರ್ಡನ್ನು ಕೈಯಲ್ಲಿ ಹಿಡಿದು, ಬಲಗೈ ಎಂದು ಬರೆದಿದ್ದ ಮೂರು ಜಾಗಗಳನ್ನೂ ಒಂದೊಂದಾಗಿ ನೋಡಿದರು.

"ಮೊದಲೇ ಹೇಳಬೇಕಿತ್ತಮ್ಮಾ" ಎಂದರು ಡಾಕ್ಟರು. ಅವರ ದನಿಯಲ್ಲಿ ಸಿಟ್ಟಿತ್ತು, ಇರಬೇಕಾದದ್ದೇ. "ಇವರನ್ನು ಈ ಗುಂಪಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ. ಮೂರನೇದು ಕೊಡಕ್ಕಾಗಲ್ಲ."

"ಅವಳ ಪಾಲು ನನ್ನ ಮೈಯಲ್ಲಿದೆ ಡಾಕ್ಟ್ರೇ" ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆಗ ನಾಚಿಕೆ ಇರಲಿಲ್ಲ. "ಎರಡು ಪಾಲಿದೆ. ಮೂರು ಮೂರು ಆರು ಚುಚ್ಚು. ಅವಳದ್ದನ್ನ ತೆಗೆದು ಅವಳಿಗೆ ಕೊಡಿ. ರಕ್ತ ಎಷ್ಟು ಬೇಕಾದ್ರೂ ತಗೊಳ್ಳಿ. ಒಂದೇ ತಾಯಿ ಹೊಟ್ಟೇಲಿ ಹುಟ್ಟಿದೋರು ನಾವು."

ಅವರ ಸಿಟ್ಟು ಇಳಿಯಿತು. "ಅದು ಹಾಗೆ ಆಗಲ್ಲಮ್ಮಾ. ರಕ್ತ ಕೊಡಬಹುದು. ಅದರೊಳಗಿನ ನೆನಪನ್ನ ಇನ್ನೊಬ್ಬರ ಮೈಯಲ್ಲಿ ನೆಡೋಕೆ ನಮಗೆ ಬರಲ್ಲ. ಅವರವರ ಮೈ ಅವರವರೇ ಕಲೀಬೇಕು."

"ಈಗ ಧನುರ್ವಾಯು ಸೂಜಿ ಹಾಕಿಸಿದ್ರೆ? ಆಮೇಲೆ ಇದನ್ನ ಕೊಟ್ರೆ?"

"ಅದು ಬೇರೆಯೇ ಪ್ರಯೋಗ. ಮಾಡಬೇಕು ಅಂತ ನನಗೂ ಇದೆ. ಶುರುವಾಗೋಕೆ ಎರಡು ಮೂರು ವರ್ಷವಾದ್ರೂ ಬೇಕು." ಅವರು ಮಾಲಿಯ ಕಡೆ ನೋಡಿದರು. ಅಷ್ಟು ಕಾಯಲು ಅವಳ ಕಾಯಿಲೆ ಬಿಡುವಂತಿರಲಿಲ್ಲ.

ಮನೆ ತಲುಪಿ, ಧರಣಪ್ಪನವರು ಮಾಲಿಯ ಚಪ್ಪಲಿ ಬಿಚ್ಚುತ್ತ ನೆಲ ನೋಡಿಕೊಂಡೇ ಕೇಳಿದರು: "ಇವಳಿಗೆ ಗೊತ್ತಿತ್ತಾ, ನೀವು ಆವತ್ತು ಸುಳ್ಳು ಸಹಿ ಹಾಕ್ತಿದ್ದೀರಿ ಅಂತ?"

"ಇವಳಿಗೇನು ಗೊತ್ತಾಗುತ್ತೆ?"

"ನನಗಾದ್ರೂ ಹೇಳಬಹುದಿತ್ತು ಅಕ್ಕಾವ್ರೇ. ನಾನು ಎರಡು ತಿಂಗಳು ದಿನಾ ಬೆಳಿಗ್ಗೆ ಎದ್ದು ಇವಳ ಮುಖ ನೋಡ್ತಿದ್ದೆ. ಇವತ್ತೇನಾದ್ರೂ ನನ್ನ ಹೆಸರು ಹೇಳ್ತಾಳಾ ಅಂತ."

ಗೋಡೆಯ ನಡುವಿನ ಬಾಗಿಲು ಆ ವಾರವಿಡೀ ಮುಚ್ಚಿಯೇ ಇತ್ತು. ನಾನು ಯಂತ್ರ ತುಳಿಯುತ್ತ ಆಚೆಯ ಸದ್ದುಗಳನ್ನು ಕೇಳುತ್ತಿದ್ದೆ: ಪಾತ್ರೆ, ನಲ್ಲಿ, ಅವಳ "ಯಾರು ಬೇಕು?" ಅವರ "ನೀನೇ ಬೇಕು ಮಾಲಿ, ಬಾ, ಊಟ ಮಾಡು." ಅವ್ವನ ಮೇಲೆ ಕೂಡ ಒಮ್ಮೆ ಕೋಪ ಬಂತು. ಹತ್ತೂ ತುಂಬದ ಹುಡುಗಿಗೆ, ಮಗುವನ್ನು ಅಳಿಸಬೇಡ ಎಂದು ಹೇಳಿ ಹೊರಟುಬಿಡಬಹುದೇ? ಒಂದೆರಡು ಸಲ ಅಳಿಸಬೇಕಾಗುತ್ತದೆ ಎಂದೂ ಹೇಳಬೇಡವೇ?

ಎಂಟನೆಯ ದಿನ ಆಸ್ಪತ್ರೆಯಿಂದ ನನಗೇ ಕರೆ ಬಂತು. ಮಾಲಿಯನ್ನು ಗುಂಪಿನಿಂದ ಯಾಕೆ ತೆಗೆದದ್ದೆಂದು ಕಾಗದದಲ್ಲಿ ಬರೆಯಬೇಕು, ಬರೀ ನನ್ನ ಬಾಯಿಮಾತು ಸಾಲದು, ನನ್ನ ರಕ್ತವನ್ನೂ ನೋಡಬೇಕು ಎಂದರು. ಎಲ್ಲ ಅದರಿಂದಲೇ ತಿಳಿಯುತ್ತದೆಂದಲ್ಲ, ಆದರೂ ಬೇಕು. ಮದ್ದಿನ ಪ್ರಮಾಣ ಹೆಚ್ಚಿಸುವ ಮಾತು ಕೈಬಿಟ್ಟಿದ್ದೇವೆ ಎಂದೂ ತಿಳಿಸಿದರು. ನಾನು ಸೀರೆ ಉಟ್ಟು ಹೊರಡುವಾಗ ನಡುವಿನ ಬಾಗಿಲು ತೆರೆಯಿತು. ಧರಣಪ್ಪನವರು ಮಾಲಿಯ ಕೈ ಹಿಡಿದು ನಿಂತಿದ್ದರು.

"ನಾವೂ ಬರ್ತೀವಿ" ಎಂದರು. "ಒಬ್ಬರೇ ಹೋಗಬೇಡಿ." ಅಷ್ಟೇ ಹೇಳಿದ್ದು. ನನಗೆ ಅಷ್ಟು ಸಾಕಾಗಿತ್ತು.

ಅದೇ ಇಕ್ಕಟ್ಟು ಕೋಣೆ. ಧರಣಪ್ಪನವರು ಬಾಗಿಲ ಹೊರಗೆ ನಿಂತರು, ಒಳಗೆ ಮೂವರಿಗೆ ಜಾಗವಿರಲಿಲ್ಲ. ಬೆಂಚಿನ ಮೇಲೆ ನಾನು, ನನಗೆ ಆತುಕೊಂಡು ಮಾಲಿ. ಎದುರಿಗೆ ಹಸಿರು ಪರದೆ. ನಾನು ಮೆಲ್ಲಗೆ, ನನಗೇ ಹೇಳಿಕೊಳ್ಳುವಂತೆ ಹೇಳಿದೆ: "ತಪ್ಪಾಯ್ತು ಮಾಲಿ. ನಿನ್ನ ಪಾಲನ್ನ ನಾನು ತಗೊಂಡುಬಿಟ್ಟೆ."

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಪರಿಚಯದ ಒಂದು ಎಳೆಯೂ ಆ ಕಣ್ಣಿನಲ್ಲಿ ಇರಲಿಲ್ಲ. ಆದರೆ ನನ್ನ ಕೆನ್ನೆ ಒದ್ದೆಯಾಗಿದ್ದದ್ದು ಅವಳಿಗೆ ಕಂಡಿತು. ಸೆರಗಿನ ತುದಿಯಿಂದ ಅದನ್ನು ಒತ್ತಿ ಒರೆಸಿದಳು. "ಅಳಬ್ಯಾಡ" ಎಂದಳು. ಥೇಟು ಅವ್ವನ ದನಿ.

ಪರದೆಯ ಆಚೆಯಿಂದ ನರ್ಸ್ ಪಟ್ಟಿ ನೋಡಿ ಹೆಸರು ಕೂಗಿದಳು. ಈ ಸಲ ಕೂಗಿದ್ದು ನನ್ನ ಹೆಸರನ್ನು. "ಕೈ ಕೊಡಿ."

ನಾನು ಬಳೆಗಳನ್ನು ಹಿಂದಕ್ಕೆ ಸರಿಸುತ್ತಿದ್ದೆ. ಅಷ್ಟರಲ್ಲಿ ಮಾಲಿ ನನ್ನನ್ನು ಬೆಂಚಿನ ಹಿಂದಕ್ಕೆ ಸರಿಸಿ, ತಾನು ಮುಂದೆ ಕೂತಳು. ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿ, ತನ್ನ ಬಲಗೈಯನ್ನು ಪರದೆಯ ಸಂದಿನಿಂದ ಆಚೆಗೆ ಚಾಚಿದಳು.

"ಎರಡು ಎಣಿಸು" ಎಂದಳು ನನಗೆ. "ಮುಗೀತದೆ."

ಆಚೆ ನರ್ಸ್ ಆ ಕೈಯನ್ನು ಹಿಡಿದುಕೊಂಡಳು. ಅವಳಿಗೆ ಯಾರ ಮುಖವೂ ಕಾಣುತ್ತಿರಲಿಲ್ಲ. ರಬ್ಬರ್ ಪಟ್ಟಿ ಬಿಗಿಯುವ ಸದ್ದು ಕೇಳಿಸಿತು. ನಾನು ಎಣಿಸಲಿಲ್ಲ. ಒಂದು ಕೈಯಿಂದ ಮಾಲಿಯನ್ನು ತಬ್ಬಿಕೊಂಡೆ, ಇನ್ನೊಂದು ಕೈಯಿಂದ ಪರದೆಯನ್ನು ಆ ತುದಿಯಿಂದ ಈ ತುದಿಯವರೆಗೆ ಪೂರ್ತಿ ಸರಿಸಿದೆ.